ನಿದ್ದೆ ಕಾಯೋ ಎರಡನೇ ಕಣ್ಣು: ಎತ್ತಿನ ಬಂಡಿಯಿಂದ ಕ್ಯಾಮೆರಾದ ತನಕ

1/10

ಲಾರಿಯೊಳಗ ಕ್ಯಾಮೆರಾ ಅಂದ್ರ ನೀವು ಏನು ನೆನಸ್ತೀರಿ? ಮುಂದಿನ ರಸ್ತೆ ಶೂಟ್ ಮಾಡೋದು, ಅಲ್ವಾ? ಈಗ ಬರ್ತಿರೋದು ಬೇರೆ ಥರದ್ದು. ಅದು ರಸ್ತೆಗೆ ಬೆನ್ನು ಹಾಕಿ ಕೂತಿರ್ತೈತಿ. ನೋಡೋದು ಡ್ರೈವರ್ ಮುಖಾನ. ರೆಪ್ಪೆ ಎಷ್ಟು ಹೊತ್ತು ಮುಚ್ಚಿದ, ಎಷ್ಟು ಸಲ ಆಕಳಿಸಿದ, ತಲೆ ಮುಂದಕ್ಕೆ ವಾಲಿತಾ ಅಂತ ಲೆಕ್ಕ ಇಡ್ತೈತಿ. ನಿದ್ದೆ ಹತ್ತೋ ಲಕ್ಷಣ ಕಂಡ್ರ ಚೀರ್ತೈತಿ, ಇಲ್ಲಾಂದ್ರ ಸೀಟು ನಡುಗಿಸ್ತೈತಿ.

ಇದು ಹೊಸ ಆವಿಷ್ಕಾರ ಅಂತ ರೀಲ್ಸ್‌ನಾಗ ನೋಡಿರ್ತೀರಿ. ಮಷಿನ್ ಹೊಸದು, ಖರೆ. ಆದರೆ ಅದು ಮಾಡೋ ಕೆಲಸ ಬಹಳ ಹಳೇದು. ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ರಸ್ತೆಗಳಲ್ಲೇ ಆ ಕೆಲಸವನ್ನು ಮೊದಲು ಎತ್ತುಗಳು ಮಾಡಿದವು, ಆಮೇಲೆ ಮನುಷ್ಯರು ಮಾಡಿದರು, ಈಗ ಯಂತ್ರ ಮಾಡುವ ಕಾಲ ಬಂದಿದೆ.

ಈ ಸರಣಿಯ ಹತ್ತು ಭಾಗಗಳಲ್ಲಿ ಅದರ ಇತಿಹಾಸ ಹೇಳ್ತೀನಿ. ನಿಮ್ಮಲ್ಲಿ ಎಷ್ಟೋ ಮಂದಿ ಮನ್ಯಾಗ ಅಪ್ಪ, ಕಾಕಾ, ಮಾವ ಯಾರಾದ್ರೂ ಸ್ಟೇರಿಂಗ್ ಹಿಡಿದವರೇ ಇರ್ತಾರ. ಬಸ್, ಲಾರಿ, ಟಿಪ್ಪರ್, ಟಾಟಾ ಏಸ್, ಏನೇ ಇರಲಿ. ಹಂಗಾಗಿ ಇದು ದೂರದ ಟೆಕ್ನಾಲಜಿ ಕಥಿ ಅಲ್ಲ, ಮನೆಯ ಲೆಕ್ಕ.

ಒಂದು ಪ್ರಶ್ನೆ ತಲ್ಯಾಗ ಇಟ್ಕೊಂಡು ಓದ್ರಿ: ಡ್ರೈವರ್ ಪಕ್ಕದ ಎರಡನೇ ಜೋಡಿ ಕಣ್ಣು ಎಲ್ಲಿ ಹೋಯ್ತು?

2/10

ಮೊದಲು ಲೆಕ್ಕ ಮಾಡೋಣ. ಫಿಸಿಕ್ಸ್ ಪೀರಿಯಡ್ ಅಂತ ಓಡಬ್ಯಾಡ್ರಿ, ಸಣ್ಣದು ಐತಿ.

ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ಮೂರು ಸೆಕೆಂಡಿಗೆ 50 ಮೀಟರ್. ನಿದ್ದೆಗೆಟ್ಟವನಿಗೆ ಹತ್ತುವ ಜೊಂಪಿಗೆ ವಿಜ್ಞಾನಿಗಳು 'ಮೈಕ್ರೋಸ್ಲೀಪ್' ಅಂತಾರೆ. ಅದು ಕೆಲವೇ ಸೆಕೆಂಡಿನದು. ಎಷ್ಟೋ ಸಲ ತನಗೆ ಜೊಂಪು ಹತ್ತಿತ್ತು ಅಂತ ಅವನಿಗೇ ಗೊತ್ತಾಗೋದಿಲ್ಲ. ಅಷ್ಟರೊಳಗ ತುಂಬಿದ ಲಾರಿ 50 ಮೀಟರ್ ಕುರುಡಾಗಿ ಓಡಿರ್ತೈತಿ.

1997ರಲ್ಲಿ ಡ್ರೂ ಡಾಸನ್, ಕ್ಯಾಥರಿನ್ ರೀಡ್ ಎಂಬ ಇಬ್ಬರು ಸಂಶೋಧಕರು ಆಸ್ಟ್ರೇಲಿಯಾದಲ್ಲಿ ನಡೆಸಿದ ಪ್ರಯೋಗವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ 0.05 ಮದ್ಯ ಇದ್ದವನಷ್ಟು ಕೆಟ್ಟಿರುತ್ತದೆ ಎಂದು ಅವರು ತೋರಿಸಿದರು. ನಮ್ಮ ದೇಶದಲ್ಲಿ ಕುಡಿದು ಗಾಡಿ ಓಡಿಸಿದ್ದಕ್ಕೆ ಕೇಸ್ ಬೀಳೋ ಮಿತಿ ಶೇ 0.03.

ಅಂದ್ರ ಬೆಳಿಗ್ಗೆ 5ಕ್ಕೆ ಎದ್ದವನು ರಾತ್ರಿ 10 ಗಂಟೆಗೂ ಸ್ಟೇರಿಂಗ್ ಹಿಡಿದಿದ್ರ, ಒಂದು ಹನಿ ಕುಡಿಯದಿದ್ದರೂ ಕುಡಿದವನಿಗಿಂತ ಕಡೆ. ಕುಡಿದವನನ್ನು ಹಿಡಿಯೋಕೆ ಪೊಲೀಸರ ಕೈಯಾಗ ಊದೋ ಮಷಿನ್ ಐತಿ. ನಿದ್ದೆಗೆಟ್ಟವನನ್ನು ಹಿಡಿಯೋಕೆ ಏನೈತಿ?

2024ರ ಜೂನ್ 28ರ ನಸುಕಿನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ದೇವರ ದರ್ಶನ ಮುಗಿಸಿ ಬರುತ್ತಿದ್ದವರ ಟೆಂಪೋ ಟ್ರಾವೆಲರ್ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ಸತ್ತರು. ಇಂಥ ಅಪಘಾತ ಆದಾಗೆಲ್ಲ ಜನ ಮೊದಲು ಕೇಳೋದು 'ನಿದ್ದೆ ಹತ್ತಿತ್ತೇನೋ' ಅಂತ. ಆದರೆ ನಿದ್ದೆ ಗುರುತು ಬಿಟ್ಟು ಹೋಗೋದಿಲ್ಲ. ರಕ್ತದಾಗ ಸಿಗೋದಿಲ್ಲ, ರಸ್ತೆ ಮ್ಯಾಲ ಕಾಣೋದಿಲ್ಲ. ಅದಕ್ಕೇ ನಿದ್ದೆಯನ್ನು ಅದು ಬರೋ ಹೊತ್ತಿನಲ್ಲೇ ಹಿಡಿಯಬೇಕು.

3/10

ಈಗ ಹಿಂದಕ್ಕೆ ಹೋಗೋಣ. ಮೋಟಾರು ಬರೋ ಮೊದಲು ನಮ್ಮ ಕಡೆ ಸರಕು ಸಾಗಿದ್ದು ಬಂಡಿಯಲ್ಲಿ. ಎರಿ ಹೊಲದ ಹತ್ತಿ ಗದಗಿನ ಪೇಟೆಗೆ ಬರಬೇಕು, ಜೋಳ, ಮೆಣಸಿನಕಾಯಿ ಸಂತೆ ಸೇರಬೇಕು. ಬಿಸಿಲು ತಪ್ಪಿಸೋಕೆ ರಾತ್ರಿ ಹೂಡುತ್ತಿದ್ದರು. ಸಾಲಾಗಿ ಬಂಡಿಗಳು, ಅಚ್ಚಿನ ಕೆಳಗ ತೂಗಾಡೋ ಕಂದೀಲು, ಕೊರಳ ಗಂಟೆ.

ಬಂಡಿ ಹೊಡೆಯೋನು ಮಲಗ್ತಿದ್ದನಾ? ಮಲಗ್ತಿದ್ದ. ಈ ಮಾತು ನಿಮ್ಮ ಊರಿನ ಯಾವ ಹಿರಿಯರನ್ನ ಕೇಳಿದ್ರೂ ನಕ್ಕೊಂತ ಹೇಳ್ತಾರ. ಹಗ್ಗ ಕೊಕ್ಕೆಗೆ ಸಿಗಿಸಿ, ಕಂಬಳಿ ಹೊದ್ದು, ಚೀಲದ ಮ್ಯಾಲ ಒರಗಿದ್ರ ಎತ್ತು ತಾವೇ ದಾರಿ ಹಿಡಿದು ಹೋಗ್ತಿದ್ದವು. ಎದುರಿಗೆ ತಗ್ಗು ಬಂದ್ರ ನಿಲ್ತಿದ್ದವು. ಮುಂದಿನ ಬಂಡಿ ನಿಂತ್ರ ಹಿಂದಿನ ಎತ್ತೂ ನಿಲ್ತಿದ್ದವು.

ಇದನ್ನ ತಮಾಷೆಗೆ ಹೇಳ್ತಿಲ್ಲ. ಬಂಡಿಯಲ್ಲಿ ಒಬ್ಬ ಮನುಷ್ಯ ಇದ್ದರೂ ಎಚ್ಚರವಾಗಿರೋ ಕಣ್ಣು ಮೂರು ಜೋಡಿ. ಒಂದು ಜೋಡಿ ಮುಚ್ಚಿದ್ರ ಇನ್ನೆರಡು ತೆರೆದಿರ್ತಿದ್ದವು. ವೇಗವೂ ನಡಿಗೆಯಷ್ಟೇ. ತಪ್ಪಿದರೂ ಗಾಲಿ ಹೊಲಕ್ಕೆ ಇಳೀತಿತ್ತು, ಜೀವ ಹೋಗ್ತಿರಲಿಲ್ಲ.

ಎಂಜಿನ್ ಬಂದಾಗ ಎತ್ತಿನ ಬಲ ಮಾತ್ರ ಅಲ್ಲ, ಎತ್ತಿನ ಕಣ್ಣೂ ಹೋಯಿತು. ಕುದುರೆಬಲ ಎಷ್ಟು ಅಂತ ಎಲ್ಲರೂ ಅಳೆದರು. ಹೋದ ಕಣ್ಣಿನ ಲೆಕ್ಕ ಯಾರೂ ಬರೆದಿಡಲಿಲ್ಲ.

4/10

ಆ ಲೆಕ್ಕ ಮೊದಲು ತಿಳಿದದ್ದು ರೈಲಿನವರಿಗೆ. ಯಾಕಂದ್ರ ರೈಲಿನಾಗ ಒಬ್ಬನ ಜೊಂಪಿಗೆ ನೂರಾರು ಜನ ಬೆಲೆ ತೆರಬೇಕಾಗ್ತೈತಿ.

1876-78ರ ದೊಡ್ಡ ಬರದ ನಂತರ, ಧಾನ್ಯ ಸಾಗಿಸಲು ದಾರಿ ಬೇಕು ಎಂದು ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. 1880ರ ದಶಕದಲ್ಲಿ ಅದರ ಹಳಿ ಗದಗಿಗೆ ಬಂತು. ಹೋಟಗಿ ಕಡೆಯ ಹಾದಿ, ಹುಬ್ಬಳ್ಳಿ ಕಡೆಯ ಹಾದಿ, ಗುಂತಕಲ್ ಕಡೆಯ ಹಾದಿ ಕೂಡಿ ಗದಗ ಜಂಕ್ಷನ್ ಆಯಿತು.

ಉಗಿ ಎಂಜಿನ್ನಿನಲ್ಲಿ ಡ್ರೈವರ್ ಒಬ್ಬನೇ ಇರಲು ಆಗುತ್ತಲೇ ಇರಲಿಲ್ಲ. ಕಲ್ಲಿದ್ದಲು ಹಾಕೋಕೆ ಫೈರ್‌ಮನ್ ಬೇಕೇ ಬೇಕು. ಒಬ್ಬ ತೂಕಡಿಸಿದರೆ ಇನ್ನೊಬ್ಬ ಎಬ್ಬಿಸ್ತಿದ್ದ. ಆಮೇಲೆ ಪಶ್ಚಿಮ ದೇಶಗಳಲ್ಲಿ ವಿದ್ಯುತ್ ರೈಲು ಬಂತು. ಕಲ್ಲಿದ್ದಲು ಇಲ್ಲ, ಹಂಗಾಗಿ ಫೈರ್‌ಮನ್ನೂ ಬ್ಯಾಡ ಅಂದರು. ಆಗ ಹುಟ್ಟಿದ್ದೇ 'ಡೆಡ್ ಮ್ಯಾನ್' ಹಿಡಿಕೆ. ಡ್ರೈವರ್ ಅದನ್ನು ಒತ್ತಿ ಹಿಡಿದಿರಬೇಕು. ಪ್ರಜ್ಞೆ ತಪ್ಪಿ ಕೈ ಸಡಿಲಾದರೆ ರೈಲು ತಾನೇ ನಿಲ್ಲುತ್ತದೆ.

ಈ ಕ್ರಮ ಗಮನಿಸ್ರಿ. ಇಬ್ಬರು ಇದ್ದಾಗ ಯಂತ್ರ ಬೇಕಾಗಲಿಲ್ಲ. ಒಬ್ಬನನ್ನು ಇಳಿಸಿದ ಮೇಲೆ ಯಂತ್ರ ಬಂತು.

ಇಂದಿನ ಭಾರತೀಯ ರೈಲ್ವೆಯ ಎಂಜಿನ್‌ಗಳಲ್ಲಿ 'ವಿಜಿಲೆನ್ಸ್ ಕಂಟ್ರೋಲ್ ಡಿವೈಸ್' ಇರುತ್ತದೆ. ಲೋಕೋ ಪೈಲಟ್ ಸುಮಾರು ಒಂದು ನಿಮಿಷ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ, ಆಗಲೂ ಉತ್ತರ ಬರದಿದ್ದರೆ ಬ್ರೇಕ್ ಬೀಳುತ್ತದೆ. ಇಷ್ಟಾದರೂ ದೂರದ ರೈಲುಗಳಲ್ಲಿ ಪಕ್ಕದಲ್ಲಿ ಸಹಾಯಕ ಲೋಕೋ ಪೈಲಟ್ ಇರುತ್ತಾನೆ. ಡ್ಯೂಟಿ ಮುಗಿದ ಊರಿನಲ್ಲಿ ಮಲಗಲು 'ರನ್ನಿಂಗ್ ರೂಮ್' ಇರುತ್ತದೆ. ಅಲ್ಲೂ ಎಲ್ಲಾ ಸರಿ ಐತಿ ಅಂತಲ್ಲ. ಸಾಲು ಸಾಲು ರಾತ್ರಿ ಡ್ಯೂಟಿ ಕಡಿಮೆ ಮಾಡ್ರಿ ಅಂತ ಲೋಕೋ ಪೈಲಟ್‌ಗಳ ಸಂಘಟನೆಗಳು ಕೇಳ್ತಾನೇ ಬಂದಾವ. ಆದರೆ ಯಂತ್ರ, ಜೊತೆಗಾರ, ಹಾಸಿಗೆ, ಈ ಮೂರೂ ಬೇಕು ಅನ್ನೋದನ್ನ ರೈಲ್ವೆ ಒಪ್ಪಿಕೊಂಡೈತಿ.

5/10

ರಸ್ತೆ ಮ್ಯಾಲ ಏನಾಯಿತು? ಇಲ್ಲಿ ಯಂತ್ರಕ್ಕಿಂತ ಮೊದಲು ಕಾನೂನು ಬಂತು.

1939ರ ಮೋಟಾರು ವಾಹನ ಕಾಯ್ದೆಯಲ್ಲೇ ಬರೆದಿತ್ತು: ಸರಕು-ಪ್ರಯಾಣಿಕರ ಗಾಡಿ ಓಡಿಸುವವನನ್ನು ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು, ವಾರಕ್ಕೆ 54 ಗಂಟೆ ಮೀರಬಾರದು.

ಇದರಾಗ ನಮ್ಮ ಕಡೆಯದೊಂದು ಸ್ವಾರಸ್ಯ ಐತಿ. ಆ ಕಾಯ್ದೆ ಮಾಡಿದ್ದು ಬ್ರಿಟಿಷ್ ಇಂಡಿಯಾಕ್ಕೆ. ಗದಗ, ಮುಂಡರಗಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಆದರೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಗದಗ ಬಿಟ್ಟ ಗಾಡಿ ಲಕ್ಷ್ಮೇಶ್ವರ ಮುಟ್ಟೋದರೊಳಗ ಆ ಕಾಯ್ದೆಯ ಗಡಿಯನ್ನೇ ದಾಟಿರ್ತಿತ್ತು. ಡ್ರೈವರ್‌ನ ನಿದ್ದೆ ಮಾತ್ರ ಎರಡೂ ಕಡೆ ಒಂದೇ.

ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋದವು, 1956ರಲ್ಲಿ ನಾಲ್ಕೂ ಊರು ಮೈಸೂರು ರಾಜ್ಯಕ್ಕೆ ಸೇರಿದವು. 1961 ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ಆಗಸ್ಟ್ 1ರಂದು ರಾಜ್ಯದ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಅದೇ ವರ್ಷ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಹಾದಿಯಂಥ ವಿಶೇಷ ಸಂದರ್ಭಗಳಿಗೆ ದಿನಕ್ಕೆ 10, ವಾರಕ್ಕೆ 54ರ ತನಕ ಸಡಿಲಿಕೆ. 5 ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು. ಒಂದು ಡ್ಯೂಟಿಗೂ ಮುಂದಿನ ಡ್ಯೂಟಿಗೂ ನಡುವೆ ಸತತ 9 ಗಂಟೆ ವಿಶ್ರಾಂತಿ. 1988ರ ಹೊಸ ಮೋಟಾರು ವಾಹನ ಕಾಯ್ದೆಯೂ ಇದನ್ನೇ ಎತ್ತಿ ಹಿಡಿಯಿತು.

ಓದೋಕೆ ಚಂದ ಐತಿ, ಹೌದಲ್ಲ? ಆದರೆ ಸಣ್ಣ ಮಾಲೀಕನ ಒಂದೇ ಲಾರಿ ರಾತ್ರಿ ಎಷ್ಟು ಗಂಟೆ ಓಡಿತು ಅಂತ ಯಾರು ನೋಡ್ತಾರ? ಯುರೋಪಿನಲ್ಲಿ 1970ರ ನಿಯಮದಿಂದ ಲಾರಿಗಳಿಗೆ 'ಟ್ಯಾಕೋಗ್ರಾಫ್' ಕಡ್ಡಾಯವಾಗುತ್ತ ಬಂತು. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂದು ಅದೇ ಬರೆದಿಡುತ್ತದೆ. ಇಂದು ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ನಮ್ಮಲ್ಲಿ ಗಂಟೆಯ ಮಿತಿ ಬಂತು, ಗಂಟೆ ಅಳೆಯೋ ಡಬ್ಬಿ ಬರಲಿಲ್ಲ.

6/10

ಡಬ್ಬಿ ಇಲ್ಲದ ಕಾಲದಲ್ಲಿ ನಮ್ಮ ಲಾರಿಗಳನ್ನು ಕಾದವನು ಯಾರು ಗೊತ್ತೈತಾ? ಕ್ಲೀನರ್.

ಗದಗ ಲಾರಿ ಇತಿಹಾಸ ಇರೋ ಊರು. ಬೆಟಗೇರಿಯಲ್ಲಿ ಹುಟ್ಟಿದ, ಮುದ್ರಣದ ಮನೆತನದ ವಿಜಯ ಸಂಕೇಶ್ವರ 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿದ್ದು ಇಂದಿನ ವಿಆರ್‌ಎಲ್. ಆಮೇಲೆ ಅದು ಹುಬ್ಬಳ್ಳಿಗೆ ಹೋಗಿ ಸಾವಿರಾರು ಗಾಡಿಗಳ ಸಂಸ್ಥೆಯಾಯಿತು. 'ವಿಜಯಾನಂದ' ಸಿನಿಮಾ ನೋಡಿದವರಿಗೆ ಈ ಕಥಿ ಗೊತ್ತೇ ಐತಿ. ಆದರೆ ಮಾಲೀಕರ ಕಥೆ ಸಿನಿಮಾ ಆಗ್ತೈತಿ, ಕ್ಲೀನರ್ ಕಥೆ ಆಗೋದಿಲ್ಲ.

ಕ್ಲೀನರ್ ಅಂದ್ರ ನಿಮ್ಮ-ನಮ್ಮ ವಯಸ್ಸಿನ ಹುಡುಗ. ಗಾಜು ಒರೆಸೋದು, ಟೈರಿಗೆ ಕಲ್ಲು ಕೊಡೋದು, ಹಗ್ಗ ಬಿಗಿಯೋದು, ರಿವರ್ಸ್ ಹೇಳೋದು. ಇವೆಲ್ಲ ಕಾಣೋ ಕೆಲಸ. ಕಾಣದ ದೊಡ್ಡ ಕೆಲಸ, ರಾತ್ರಿ ಎರಡರಿಂದ ಬೆಳಗಿನ ಆರರ ತನಕ ಡ್ರೈವರ್‌ನ ಕಣ್ಣು ಕಾಯೋದು. ಮನುಷ್ಯನ ಮೈಯೊಳಗಿನ ಗಡಿಯಾರ ಅತಿ ಹೆಚ್ಚು ನಿದ್ದೆ ಎಳೆಯೋ ಹೊತ್ತು ಅದೇ. ಮಧ್ಯಾಹ್ನ ಉಂಡ ಮೇಲೆ ಇನ್ನೊಂದು ಸಣ್ಣ ಸೆಳೆತ ಬರ್ತೈತಿ.

ಗಾಡಿ ಬಿಳಿಗೆರೆ ದಾಟಿ ವಾಲಿದ್ರ, ಉತ್ತರ ಕೊಡೋದು ತಡ ಆದ್ರ, ಸುಮ್ ಸುಮ್ಮನೆ ಬ್ರೇಕ್ ಒತ್ತಿದ್ರ ಅವನಿಗೆ ತಿಳೀತಿತ್ತು. ಇಂದಿನ ಕಂಪ್ಯೂಟರ್ ಹುಡುಕೋ ಲಕ್ಷಣಗಳೂ ಇವೇ! ತಿಳಿದ ಮೇಲೆ ಅವನ ಹತ್ರ ಉಪಾಯ ಇದ್ದವು: ಮಾತಿಗೆಳೆಯೋದು, ಹಾಡು ಹಾಕೋದು, ಮುಖಕ್ಕೆ ನೀರು, ಒಂದು ಚಹಾ. ಯಾವುದೂ ಆಗದಿದ್ರ 'ಅಣ್ಣ, ಬಾಜೂಕ ಹಚ್ಚು, ಒಂದು ತಾಸು ಮಲಗು' ಅಂತಿದ್ದ.

ಈ ಕೊನೆಯ ಮಾತು ನೆನಪಿರಲಿ. ಮುಂದೆ ಬೇಕಾಗ್ತೈತಿ.

ಕಾನೂನಿಗೂ ಈ ಜೊತೆಗಾರನ ಮಹತ್ವ ಗೊತ್ತಿತ್ತು. ರಾಷ್ಟ್ರೀಯ ಪರವಾನಗಿ ಪಡೆದ ಲಾರಿಯಲ್ಲಿ ಕನಿಷ್ಠ ಇಬ್ಬರು ಡ್ರೈವರ್ ಇರಬೇಕು, ಇನ್ನೊಬ್ಬ ಮೈಚಾಚಿ ಮಲಗಲು ಜಾಗ ಇರಬೇಕು ಎಂದು ಕೇಂದ್ರದ ನಿಯಮವೇ ಹೇಳುತ್ತಿತ್ತು.

7/10

ನಮ್ಮ ಊರಿನವರು ದಣಿದ ಲಾರಿಗಳನ್ನು ಸಾವಿರಗಟ್ಟಲೆ ಕಂಡ ಕಾಲ ಒಂದಿತ್ತು. ನೀವು ಆಗ ಹುಟ್ಟಿದ್ದಿರೋ ಇಲ್ಲೋ, ನಿಮ್ಮ ಅಣ್ಣ-ಅಕ್ಕಂದಿರಿಗೆ ನೆನಪಿರ್ತೈತಿ. ಅದಿರು ಲಾರಿಗಳ ಕಾಲ.

2000ದ ದಶಕದಲ್ಲಿ ಚೀನಾ ಕಡೆಯಿಂದ ಬೇಡಿಕೆ ಏರಿ ಕಬ್ಬಿಣದ ಅದಿರಿನ ಬೆಲೆ ಮೇಲೆದ್ದಿತು. ಸಂಡೂರು, ಹೊಸಪೇಟೆ ಕಡೆ ಅಗೆದ ಅದಿರು ಕಾರವಾರ, ಬೇಲೇಕೇರಿ ಬಂದರಿಗೆ ಹೋಗಬೇಕು. ದಾರಿ ಯಾವುದು? ಆಗಿನ ರಾಷ್ಟ್ರೀಯ ಹೆದ್ದಾರಿ 63. ಹೊಸಪೇಟೆ, ಕೊಪ್ಪಳ, ಲಕ್ಕುಂಡಿ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್ ಇಳಿದು ಅಂಕೋಲಾ. ಚಾಲುಕ್ಯರ ಗುಡಿಗಳಿಗೆ ಹೆಸರಾದ ಲಕ್ಕುಂಡಿಯ ಪಕ್ಕದಲ್ಲೇ ಕೆಂಪು ಧೂಳಿನ ಮೆರವಣಿಗೆ.

ಇಂಥ ಧಂದೆಯಲ್ಲಿ ದುಡ್ಡು ಸಿಗೋದು ಟ್ರಿಪ್ ಲೆಕ್ಕಕ್ಕೆ. ಮಲಗಿದ ತಾಸಿಗೆ ಕೂಲಿ ಇಲ್ಲ. ಬಂದರಿನಲ್ಲಿ ಪಾಳಿ ಕಾಯೋ ಹೊತ್ತು ವಿಶ್ರಾಂತಿಯೂ ಅಲ್ಲ, ಡ್ಯೂಟಿಯೂ ಅಲ್ಲ. ಲಾರಿ ಸಾಲದ ಕಂತು ತಿಂಗಳಿಗೊಮ್ಮೆ ಬರ್ತೈತಿ, ಬೇಗ ತಿರುಗಿ ಬಂದವನಿಗೆ ಮಾತ್ರ ಉಳಿಯೋದು. ಇದರಾಗ ನಿದ್ದೆ ಅಂದ್ರ ನಷ್ಟ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಎಷ್ಟು ಟನ್ ಕಳುವಾಯಿತು, ರಾಜ್ಯಕ್ಕೆ ಎಷ್ಟು ನಷ್ಟ ಆಯಿತು, ಎಲ್ಲ ಚರ್ಚೆಯಾಯಿತು. ಸರಿಯೇ. ಆದರೆ ಆ ಅದಿರಿನ ಜೊತೆ ಎಷ್ಟು ಡ್ರೈವರ್‌ಗಳ ನಿದ್ದೆಯೂ ಕಳುವಾಯಿತು ಅನ್ನೋದು ಯಾವ ಚರ್ಚೆಗೂ ಬರಲಿಲ್ಲ.

8/10

ಈಗ ಕ್ಯಾಮೆರಾ ಕಥಿಗೆ ಬರೋಣ. ಅದೂ ಒಂದು ರೀತಿ ಗಣಿಯಿಂದಲೇ ಬಂದದ್ದು.

1994ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನ ವಾಲ್ಟರ್ ವಿಯರ್‌ವಿಲ್ಲಿ ಮತ್ತು ಜೊತೆಗಾರರು ಒಂದು ಸರಳ ಅಳತೆಗೋಲು ಕೊಟ್ಟರು. ಹೆಸರು 'ಪರ್‌ಕ್ಲೋಸ್'. ಒಂದು ಅವಧಿಯಲ್ಲಿ, ಉದಾಹರಣೆಗೆ ಒಂದು ನಿಮಿಷದಲ್ಲಿ, ರೆಪ್ಪೆ ಶೇ 80ಕ್ಕಿಂತ ಹೆಚ್ಚು ಮುಚ್ಚಿದ್ದ ಹೊತ್ತು ಎಷ್ಟು ಪಾಲು ಅಂತ ಲೆಕ್ಕ ಹಾಕೋದು. ಪಟ್ಟನೆ ಮಿಟುಕಿಸೋದು ಬೇರೆ, ನಿಧಾನಕ್ಕೆ ರೆಪ್ಪೆ ಭಾರವಾಗಿ ಇಳಿಯೋದು ಬೇರೆ. ಈ ಅಳತೆ ಎರಡನೇದನ್ನು ಹಿಡಿಯುತ್ತದೆ. 1998ರಲ್ಲಿ ಅಮೆರಿಕದ ಹೆದ್ದಾರಿ ಇಲಾಖೆಗಾಗಿ ಡೇವಿಡ್ ಡಿಂಜಸ್ ತಂಡ ಹಲವು ವಿಧಾನಗಳನ್ನು ಹೋಲಿಸಿದಾಗ ಇದೇ ಹೆಚ್ಚು ನಂಬಿಕೆಗೆ ಅರ್ಹ ಎಂದು ಕಂಡಿತು.

2000ದಲ್ಲಿ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಿಂದ 'ಸೀಯಿಂಗ್ ಮಷಿನ್ಸ್' ಎಂಬ ಕಂಪನಿ ಹೊರಬಂತು. ಅದರ ಕಣ್ಣು ಕಾಯುವ ಕ್ಯಾಮೆರಾ ದೊಡ್ಡ ಗಣಿಗಳ ದೈತ್ಯ ಟ್ರಕ್ಕುಗಳಿಗೆ ಹೋಯಿತು. 2006ರಲ್ಲಿ ಟೊಯೋಟಾ ತನ್ನ ಲೆಕ್ಸಸ್ ಕಾರಿನಲ್ಲಿ ಮುಖ ನೋಡುವ ಕ್ಯಾಮೆರಾ ಇಟ್ಟಿತು. 2007ರಲ್ಲಿ ವೋಲ್ವೋ, 2009ರಲ್ಲಿ ಮರ್ಸಿಡಿಸ್ ಬೇರೆ ದಾರಿ ಹಿಡಿದವು. ವೋಲ್ವೋ ಗಾಡಿ ಗೆರೆಯೊಳಗೆ ಹೇಗೆ ಸಾಗ್ತಿದೆ ಅಂತ ನೋಡಿದರೆ, ಮರ್ಸಿಡಿಸ್ ಸ್ಟೇರಿಂಗ್ ತಿರುಗಿಸುವ ರೀತಿ ನೋಡಿತು. ತೂಕಡಿಸೋನು ಕೆಲ ಹೊತ್ತು ಸ್ಟೇರಿಂಗ್ ಅಲುಗಿಸೋದೇ ಇಲ್ಲ, ಆಮೇಲೆ ಗಾಬರಿಯಿಂದ ಜಗ್ಗುತ್ತಾನೆ. ಆ ಜಗ್ಗಾಟವೇ ಸುಳಿವು.

ರಾತ್ರಿ ಕತ್ತಲಲ್ಲಿ ಕ್ಯಾಮೆರಾಗೆ ಮುಖ ಹೆಂಗ ಕಾಣ್ತೈತಿ? ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡ್ತೈತಿ. ನಿಮ್ಮ ಟಿವಿ ರಿಮೋಟ್ ಬಿಡೋ ಥರದ್ದೇ. ಡ್ರೈವರ್‌ಗೆ ಕಣ್ಣು ಕುಕ್ಕೋದಿಲ್ಲ, ಸೆನ್ಸರ್‌ಗೆ ಮುಖ ಹಗಲಿನಂಗ ಕಾಣ್ತೈತಿ. ಕಂಪ್ಯೂಟರ್ ಮುಖದ ಮೇಲೆ ಚುಕ್ಕಿ ಗುರುತಿಸಿ, ಮೇಲಿನ ರೆಪ್ಪೆಗೂ ಕೆಳಗಿನ ರೆಪ್ಪೆಗೂ ಎಷ್ಟು ಅಂತರ ಅಂತ ಸೆಕೆಂಡಿಗೆ ಹಲವಾರು ಸಲ ಅಳೀತೈತಿ. ನಿಮ್ಮ ಫೋನಿನ ಫಿಲ್ಟರ್ ನಿಮ್ಮ ಮುಖಕ್ಕೆ ಬೆಕ್ಕಿನ ಮೀಸಿ ಅಂಟಿಸೋಕೂ ಇಂಥದ್ದೇ ಕೆಲಸ ಮಾಡೋದು!

9/10

ಭಾರತಕ್ಕೆ ಇದು ಬಂದ ಕ್ರಮವನ್ನ ನಿಧಾನಕ್ಕೆ ಓದ್ರಿ.

2018: ರಾಷ್ಟ್ರೀಯ ಪರವಾನಗಿ ಲಾರಿಗೆ ಇಬ್ಬರು ಡ್ರೈವರ್ ಕಡ್ಡಾಯ ಅನ್ನೋ ನಿಯಮವನ್ನು ಕೇಂದ್ರ ತೆಗೆಯಿತು.

2021ರ ಸೆಪ್ಟೆಂಬರ್: ಲಾರಿ ಡ್ರೈವರ್‌ಗಳಿಗೂ ಪೈಲಟ್‌ಗಳಂತೆ ಗಂಟೆಯ ಮಿತಿ ಬೇಕು, ಗಾಡಿಗಳಲ್ಲಿ ನಿದ್ದೆ ಪತ್ತೆ ಮಾಡುವ ಸೆನ್ಸರ್ ಬೇಕು ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹೇಳಿದರು. ಹೆಚ್ಚೂಕಡಿಮೆ ಅದೇ ಸಮಯದಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಕೂಡ ಡಿಕ್ಕಿ ಎಚ್ಚರಿಕೆ ಮತ್ತು ಚಾಲಕರ ನಿದ್ದೆ ಎಚ್ಚರಿಕೆಯ ಉಪಕರಣಗಳತ್ತ ಹೆಜ್ಜೆ ಇಟ್ಟಿತು. ನಾಗಪುರದಲ್ಲಿ ನಗರ ಬಸ್ಸುಗಳಿಗೆ ಕೃತಕ ಬುದ್ಧಿಮತ್ತೆಯ ಎಚ್ಚರಿಕೆ ಸಾಧನ ಹಾಕುವ 'ಐರಾಸ್ತೆ' ಯೋಜನೆ ಶುರುವಾದದ್ದೂ 2021ರಲ್ಲೇ. ನಮ್ಮ ಗದಗ ವಿಭಾಗದ ಬಸ್ಸುಗಳು ಕೆಎಸ್‌ಆರ್‌ಟಿಸಿಗೆ ಅಲ್ಲ, ಗದಗ ಜಿಲ್ಲೆ ಹುಟ್ಟಿದ 1997ರಲ್ಲೇ ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವು. ಸುದ್ದಿ ಓದುವಾಗ ಇದು ನೆನಪಿರಲಿ. ಬೆಂಗಳೂರಿನ ದೊಡ್ಡ ಬಸ್ಸಿಗೆ ಬಂದದ್ದು ಮುಂಡರಗಿಯ ಕೆಂಪು ಬಸ್ಸಿಗೂ ಬಂತು ಅಂತ ಅರ್ಥ ಅಲ್ಲ.

2025ರ ಮಾರ್ಚ್: ಬಸ್ಸು, ಲಾರಿಗಳಂಥ ದೊಡ್ಡ ವಾಹನಗಳ ಹೊಸ ಮಾದರಿಗಳಲ್ಲಿ ತುರ್ತು ಬ್ರೇಕ್, ಗೆರೆ ದಾಟಿದರೆ ಎಚ್ಚರಿಕೆ, ನಿದ್ದೆ ಎಚ್ಚರಿಕೆ ಇರಬೇಕು ಎಂಬ ಕರಡು ನಿಯಮವನ್ನು ಕೇಂದ್ರ ಹೊರಡಿಸಿತು. ನಿದ್ದೆ ಎಚ್ಚರಿಕೆಯ ತಾಂತ್ರಿಕ ಮಾನದಂಡದ ಹೆಸರು ಎಐಎಸ್-184. ಅದೇ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಯಿತು. ಏಪ್ರಿಲ್ ಬಿಸಿಲಿನಾಗ ಎಂಜಿನ್ ಪಕ್ಕ ಕೂತು ಬೇಯೋನಿಗೆ ಇದೂ ದಣಿವು ಇಳಿಸೋ ಟೆಕ್ನಾಲಜಿಯೇ, ಕ್ಯಾಮೆರಾಕ್ಕಿಂತ ಮೊದಲು ಬೇಕಾಗಿದ್ದದ್ದು.

ಈಗ ಕ್ರಮ ಕಂಡಿತಾ? ಎತ್ತು ಹೋದವು. ಫೈರ್‌ಮನ್ ಹೋದ, ಡೆಡ್ ಮ್ಯಾನ್ ಹಿಡಿಕೆ ಬಂತು. ಎರಡನೇ ಡ್ರೈವರ್ ಹೋದ, ಕ್ಯಾಮೆರಾ ಬರ್ತೈತಿ. ಪಕ್ಕದ ಮನುಷ್ಯನ ಸಂಬಳ ಉಳಿಸಿ, ಅವನ ಕೆಲಸದ ಒಂದು ತುಂಡನ್ನ ಯಂತ್ರಕ್ಕೆ ಕೊಡೋದು ಹಳೇ ಪದ್ಧತಿ.

10/10

ಹಂಗಾದ್ರ ಕ್ಯಾಮೆರಾ ಬ್ಯಾಡವಾ? ಬೇಕು. ಖಂಡಿತ ಬೇಕು. ಕ್ಲೀನರ್ ಹುಡುಗನೂ ನಿದ್ದೆಗೆ ಬೀಳ್ತಿದ್ದ, ಕ್ಯಾಮೆರಾ ಬೀಳೋದಿಲ್ಲ. ಒಂದು ಚೀರಾಟ ಒಂದು ಬಸ್ಸು ಉಳಿಸಿದರೂ ಸಾಕು, ಅದರಾಗ ಕಾಲೇಜಿಗೆ ಹೊರಟ ನೀವೇ ಇರಬಹುದು.

ಆದರೆ ಆರನೇ ಭಾಗದ ಕೊನೆಯ ಮಾತು ನೆನಪಿಸಿಕೊಳ್ರಿ: 'ಅಣ್ಣ, ಬಾಜೂಕ ಹಚ್ಚು, ಒಂದು ತಾಸು ಮಲಗು.' ಕ್ಯಾಮೆರಾ 'ನಿನಗೆ ನಿದ್ದೆ ಬಂದೈತಿ' ಅಂತ ಹೇಳಬಲ್ಲದು. 'ಮಲಗು' ಅನ್ನೋಕೆ ಅದಕ್ಕ ಅಧಿಕಾರ ಇಲ್ಲ. ಆ ಅಧಿಕಾರ ಇರೋದು ಟ್ರಿಪ್ ಟೈಮ್ ಹಾಕೋರ ಕೈಯಾಗ, ಬಾಡಿಗೆ ಕೊಡೋರ ಕೈಯಾಗ, ರಸ್ತೆ ಬಾಜೂಕ ಲಾರಿ ನಿಲ್ಲಿಸೋಕೆ ಜಾಗ ಮಾಡೋರ ಕೈಯಾಗ.

ಅಲಾರಂ ಹೊಡೆದ ಮೇಲೆ ಏನಾಗ್ತೈತಿ ಅನ್ನೋದೇ ಇಡೀ ವಿಷಯ. ಮಾಲೀಕನ ಫೋನಿಗೆ ಮೆಸೇಜ್ ಹೋಗಿ 'ಇವತ್ತು ನಾಲ್ಕು ಸಲ ತೂಕಡಿಸೀ, ಪಗಾರ ಕಟ್' ಅಂದ್ರ ಡ್ರೈವರ್ ಏನು ಮಾಡ್ತಾನ? ಕ್ಯಾಮೆರಾ ಮ್ಯಾಲ ಟವೆಲ್ ಹಾಕ್ತಾನ. ಅದೇ ಮೆಸೇಜ್ ನೋಡಿ 'ಮುಂದಿನ ಢಾಬಾದಾಗ ನಿಲ್ಲು, ಮಾಲು ಎರಡು ತಾಸು ತಡ ಆದ್ರ ಆಗಲಿ' ಅಂದ್ರ ಅದು ಎರಡನೇ ಕಣ್ಣು ಆಗ್ತೈತಿ. ಮಷಿನ್ ಎರಡೂ ಕಡೆ ಒಂದೇ. ಫರಕು ಮನುಷ್ಯರದು.

ಇನ್ನೊಂದು. ಹೊಸ ನಿಯಮ ಹೊಸ ಗಾಡಿಗೆ. ಎಪಿಎಂಸಿ ಮುಂದೆ ಉಳ್ಳಾಗಡ್ಡಿ, ಹೆಸರು, ಮೆಣಸಿನಕಾಯಿ ತುಂಬಿಕೊಂಡು ನಿಂತಿರೋ ಹಳೇ ಲಾರಿಗೆ ಕ್ಯಾಮೆರಾ ಬರೋದು ಇನ್ನೂ ಬಹಳ ವರ್ಷ ಬೇಕು. ಆದರೆ 5 ಗಂಟೆಗೊಮ್ಮೆ ಅರ್ಧ ಗಂಟೆ, ಡ್ಯೂಟಿ ನಡುವೆ 9 ಗಂಟೆ ಅನ್ನೋ 1961ರ ಮಾತಿಗೆ ಯಾವ ಸೆನ್ಸರೂ ಬೇಕಾಗಿಲ್ಲ. ಒಂದು ಗಡಿಯಾರ ಸಾಕು.

ನಿಮ್ಮ ಕೈಯಲ್ಲಿ ಆಗೋದು ಏನು? ಮದುವೆಗೋ, ಟೂರಿಗೋ ಗಾಡಿ ಮಾಡಿದಾಗ ಡ್ರೈವರ್‌ಗೆ 'ನಿನ್ನೆ ರಾತ್ರಿ ಮಲಗಿದ್ರೇನ್ರಿ?' ಅಂತ ಕೇಳ್ರಿ. ಕ್ಲಾಸ್ ಟ್ರಿಪ್ ಪ್ಲಾನ್ ಮಾಡೋವಾಗ ಹಗಲೆಲ್ಲ ಸುತ್ತಿಸಿ ರಾತ್ರಿಯೂ ಅವರಿಂದಲೇ ಓಡಿಸಬ್ಯಾಡ್ರಿ. ರೂಮ್ ಬುಕ್ ಮಾಡಿದ್ರ ಅವರಿಗೂ ಒಂದು ಹಾಸಿಗೆ ಹಿಡೀರಿ. ನಸುಕಿನಾಗ ಮುಂದಿನ ಸೀಟಿನಾಗ ಕೂತೋರು ಹೆಡ್‌ಫೋನ್ ತೆಗೆದು ಎರಡು ಮಾತಾಡ್ರಿ. ರೆಪ್ಪೆ ಇಳಿಯೋದು ಕಂಡ್ರ ಗಾಡಿ ನಿಲ್ಲಿಸೋಕೆ ಹೇಳ್ರಿ, ನಾಚಿಕೊಬ್ಯಾಡ್ರಿ. ಕ್ಯಾಮೆರಾ ಇಲ್ಲದ ಗಾಡಿಯಲ್ಲಿ ಅಷ್ಟು ಹೊತ್ತು ಎರಡನೇ ಕಣ್ಣು ನೀವೇ.

ನಿಮ್ಮ ಮನ್ಯಾಗ ಕ್ಲೀನರ್ ಆಗಿ ಶುರು ಮಾಡಿ ಡ್ರೈವರ್ ಆದವರು ಇದ್ದರೆ, ನಿದ್ದೆ ಬಂದಾಗ ಏನು ಮಾಡ್ತಿದ್ರು ಅಂತ ಕೇಳಿ ಕಮೆಂಟ್‌ನಾಗ ಬರೀರಿ. ಹೆಸರು ಬ್ಯಾಡ, ಮಾತು ಸಾಕು. ಈ ಇತಿಹಾಸ ಎಲ್ಲೂ ಪುಸ್ತಕದಾಗ ಬರೆದಿಟ್ಟಿಲ್ಲ, ಅವರ ಬಾಯಾಗೇ ಐತಿ.

#ಗದಗಬೆಟಗೇರಿ #ಲಕ್ಷ್ಮೇಶ್ವರ #ಶಿರಹಟ್ಟಿ #ಮುಂಡರಗಿ #ಎರಡನೇಕಣ್ಣು